ಡೆಸ್ಕ್‌ಟಾಪ್ ಎಸ್‌ಎಂಪಿಎಸ್ ಮತ್ತು ಸ್ಟ್ಯಾಂಡ್‌ಬೈ ವಿದ್ಯುತ್ತಿನ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಟನ್ ಒತ್ತಿದರೂ ಕಂಪ್ಯೂಟರ್ ಆನ್ ಆಗುವುದಿಲ್ಲ ಎಂದು ದುರಸ್ತಿಗೆ ತರುವವರಲ್ಲಿ ಅನೇಕರು ಅಷ್ಟರಲ್ಲಾಗಲೇ ರ‍್ಯಾಮ್ ಕಳಚಿ ರಬ್ಬರಿನಿಂದ ಉಜ್ಜಿರುತ್ತಾರೆ; ಕೆಲವರು ಮದರ್‌ಬೋರ್ಡನ್ನೇ ಬದಲಿಸಿರುತ್ತಾರೆ. ಎಸ್‌ಎಂಪಿಎಸ್ಸಿನಿಂದ, ಅಂದರೆ ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿಕೊಡುವ ಡಬ್ಬಿಯಿಂದ, ಹೊರಬರುವ ನೇರಳೆ ಬಣ್ಣದ ಒಂದು ತಂತಿಯ ವೋಲ್ಟೇಜನ್ನು ಮೊದಲು ಅಳೆದು ನೋಡಿದ್ದರೆ ಆ ಖರ್ಚು ಎಷ್ಟೋ ಸಲ ತಪ್ಪುತ್ತಿತ್ತು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಆ ತಂತಿಯಿಂದಲೇ ಹೊರಡುತ್ತವೆ. ಇಲ್ಲಿ ಹೇಳಿರುವುದು 24 ಪಿನ್ನಿನ ಎಟಿಎಕ್ಸ್ ಎಸ್‌ಎಂಪಿಎಸ್ ಇರುವ ಡೆಸ್ಕ್‌ಟಾಪಿಗೆ ಅನ್ವಯಿಸುತ್ತದೆ. 10 ಪಿನ್ನಿನ ಎಟಿಎಕ್ಸ್12ವಿಒ ವ್ಯವಸ್ಥೆಯಲ್ಲಿ ಸ್ಟ್ಯಾಂಡ್‌ಬೈ ವಿದ್ಯುತ್ತು (ಕಂಪ್ಯೂಟರ್ ಆಫ್ ಇದ್ದಾಗಲೂ ಬರುತ್ತಿರುವುದು) 5 ವೋಲ್ಟ್ ಅಲ್ಲ, 12 ವೋಲ್ಟ್ ಇರುತ್ತದೆ. ಅಂಥ ಯಂತ್ರಕ್ಕೆ ಇಲ್ಲಿನ ಅಳತೆಗಳನ್ನು ಬಳಸಬಾರದು.

ಕಂಪ್ಯೂಟರ್ ಆಫ್ ಮಾಡಿದ ಮೇಲೂ ಮೌಸಿನ ಕೆಂಪು ದೀಪ ಉರಿಯುತ್ತಿರುತ್ತದೆ. ಇದು ದೋಷವೇ?

ದೋಷವಲ್ಲ. ಹಳೆಯ ಎಟಿ ಮಾದರಿಯ ಕಂಪ್ಯೂಟರುಗಳಲ್ಲಿ ಮುಂಭಾಗದ ಸ್ವಿಚ್ಚಿಗೇ ಗೋಡೆಯ 230 ವೋಲ್ಟ್ ಬರುತ್ತಿತ್ತು, ಸ್ವಿಚ್ ಆರಿಸಿದರೆ ಎಲ್ಲವೂ ಆರುತ್ತಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಮಾನದಂಡವನ್ನು ತಂದ ಮೇಲೆ ಆ ವ್ಯವಸ್ಥೆ ಬದಲಾಯಿತು. ಇಂದಿನ ಎಸ್‌ಎಂಪಿಎಸ್ ಡಬ್ಬಿಯೊಳಗೆ ವಾಸ್ತವವಾಗಿ ಎರಡು ಸರಬರಾಜುಗಳಿವೆ. 12, 5 ಮತ್ತು 3.3 ವೋಲ್ಟ್ ಕೊಡುವ ದೊಡ್ಡದು ನೀವು ಬಟನ್ ಒತ್ತಿದಾಗ ಮಾತ್ರ ಕೆಲಸ ಮಾಡುತ್ತದೆ. ನೇರಳೆ ತಂತಿಯಲ್ಲಿ 5 ವೋಲ್ಟ್ ಕೊಡುವ ಚಿಕ್ಕದು ಗೋಡೆಯ ಸ್ವಿಚ್ ಆನ್ ಇರುವವರೆಗೂ ಹಗಲುರಾತ್ರಿ ದುಡಿಯುತ್ತಿರುತ್ತದೆ. ಇದೇ ಸ್ಟ್ಯಾಂಡ್‌ಬೈ. ಮೌಸಿನ ದೀಪ, ನೆಟ್‌ವರ್ಕ್ ಪೋರ್ಟಿನ ಮಿನುಗು, ಕೆಲವು ಮದರ್‌ಬೋರ್ಡುಗಳ ಮೇಲೆ ಸದಾ ಉರಿಯುವ ಪುಟ್ಟ ದೀಪ ಇವೆಲ್ಲ ಅದರಿಂದಲೇ ಜೀವ ಪಡೆಯುತ್ತವೆ.

ಇದರಾಚೆಗಿನ ಸರಣಿಯನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದಿನ ಪರೀಕ್ಷೆಗಳೆಲ್ಲ ಸುಲಭವಾಗುತ್ತವೆ. ಕ್ಯಾಬಿನೆಟ್ಟಿನ ಬಟನ್ನು ಎಸ್‌ಎಂಪಿಎಸ್ಸನ್ನು ನೇರವಾಗಿ ಆನ್ ಮಾಡುವುದಿಲ್ಲ. ಅದು ಸ್ಟ್ಯಾಂಡ್‌ಬೈ ವಿದ್ಯುತ್ತಿನಲ್ಲಿ ಎಚ್ಚರವಾಗಿರುವ ಮದರ್‌ಬೋರ್ಡಿನ ಚಿಪ್ಪಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ಆ ಚಿಪ್ಪು ಹಸಿರು ತಂತಿಯ ವೋಲ್ಟೇಜನ್ನು ಸೊನ್ನೆಯ ಹತ್ತಿರಕ್ಕೆ ಇಳಿಸುತ್ತದೆ, ಅದನ್ನು ಕಂಡು ದೊಡ್ಡ ಸರಬರಾಜು ಏಳುತ್ತದೆ, ಎಲ್ಲ ವೋಲ್ಟೇಜುಗಳೂ ನೆಲೆನಿಂತ ಮೇಲೆ ಸಾಮಾನ್ಯವಾಗಿ 100ರಿಂದ 500 ಮಿಲಿಸೆಕೆಂಡಿನೊಳಗೆ ಬೂದು ತಂತಿಗೆ 5 ವೋಲ್ಟ್ ಬರುತ್ತದೆ, ಆಮೇಲಷ್ಟೇ ಪ್ರೊಸೆಸರ್ ತನ್ನ ಕೆಲಸ ಆರಂಭಿಸುತ್ತದೆ. ನೇರಳೆ, ಹಸಿರು, ಬೂದು ಎಂಬ ಈ ಕ್ರಮದಲ್ಲಿ ಕೊಂಡಿ ಎಲ್ಲಿ ಕಳಚಿದೆ ಎಂದು ಹುಡುಕುವುದೇ ದೋಷ ಪತ್ತೆ.

ಯಾವ ದೀಪವೂ ಇಲ್ಲ, ಫ್ಯಾನೂ ಇಲ್ಲ, ಪೂರ್ತಿ ನಿರ್ಜೀವವಾಗಿದೆ. ಎಲ್ಲಿಂದ ಆರಂಭಿಸಬೇಕು?

ಗೋಡೆಯಿಂದ. ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಅಥವಾ ಮೊಬೈಲ್ ಚಾರ್ಜರ್ ಹಾಕಿ ನೋಡಿ. ನಡುವೆ ಇರುವ ಎಕ್ಸ್‌ಟೆನ್ಶನ್ ಬೋರ್ಡ್, ಯುಪಿಎಸ್, ಸ್ಟೆಬಿಲೈಸರುಗಳನ್ನು ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ. ಪವರ್ ಕಾರ್ಡನ್ನು ಮಾನಿಟರಿನ ಕಾರ್ಡಿನೊಂದಿಗೆ ಅದಲುಬದಲು ಮಾಡಿ. ಎಸ್‌ಎಂಪಿಎಸ್ ಹಿಂಭಾಗದಲ್ಲಿರುವ ಸ್ವಿಚ್ಚಿನ ಗೆರೆ ಗುರುತಿನ ಬದಿ ಒತ್ತಿರಬೇಕು. ಸೊನ್ನೆ ಗುರುತಿನ ಬದಿ ಒತ್ತಿದ್ದರೆ ಆಫ್ ಎಂದರ್ಥ. ಧೂಳು ಒರೆಸುವಾಗ ಈ ಸ್ವಿಚ್ ಆರಿಹೋಗುವುದು ಅಪರೂಪವೇನಲ್ಲ.

ಹಳೆಯ ಎಸ್‌ಎಂಪಿಎಸ್ ಆಗಿದ್ದರೆ ಅದರ ಬೆನ್ನಿನ ಮೇಲೆ 115 ಮತ್ತು 230 ಎಂದು ಬರೆದಿರುವ ಕೆಂಪು ಜಾರು ಸ್ವಿಚ್ ಇರಬಹುದು. ಭಾರತದಲ್ಲಿ ಅದು 230ರಲ್ಲೇ ಇರಬೇಕು. 115ಕ್ಕೆ ಜಾರಿಸಿ ನಮ್ಮ ಗೋಡೆಗೆ ಜೋಡಿಸಿದರೆ ಒಳಗೆ ವಿದ್ಯುತ್ತನ್ನು ಶೇಖರಿಸಿಡುವ ಕೆಪಾಸಿಟರುಗಳ ಮೇಲೆ ಸಹಿಸಲಾಗದ ವೋಲ್ಟೇಜ್ ಬಿದ್ದು, ದೊಡ್ಡ ಸದ್ದಿನೊಂದಿಗೆ ಎಸ್‌ಎಂಪಿಎಸ್ ಹಾಳಾಗುತ್ತದೆ. ಅಮೆರಿಕದಿಂದ ಹಳೆಯ ಡೆಸ್ಕ್‌ಟಾಪ್ ಹೊತ್ತು ತಂದವರು ಮೊದಲ ಸಲ ಪ್ಲಗ್ ಹಾಕುವ ಮುನ್ನ ಇದನ್ನು ನೋಡಲೇಬೇಕು.

ಇಷ್ಟಾದರೂ ಉಸಿರಿಲ್ಲದಿದ್ದರೆ ಪ್ಲಗ್ ಕಿತ್ತು, ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ ಮತ್ತೆ ಜೋಡಿಸಿ. ಕರೆಂಟ್ ಹೋಗಿ ಬಂದಾಗ ಎಸ್‌ಎಂಪಿಎಸ್ಸಿನ ರಕ್ಷಣಾ ಮಂಡಲವೋ ಮದರ್‌ಬೋರ್ಡೋ ಸಿಕ್ಕಿಬಿದ್ದಿದ್ದರೆ ಇದರಿಂದ ಬಿಡುಗಡೆಯಾಗುತ್ತದೆ. ಆಗದಿದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳುವ ಸಮಯ ಬಂದಿದೆ.

ನೇರಳೆ ತಂತಿಯನ್ನು ಅಳೆಯುವುದು ಹೇಗೆ? ಅಪಾಯವಿಲ್ಲವೇ?

ಎಸ್‌ಎಂಪಿಎಸ್ ಡಬ್ಬಿಯ ಹೊರಗೆ ಬರುವ ತಂತಿಗಳಲ್ಲಿ ಅತಿ ಹೆಚ್ಚೆಂದರೆ 12 ವೋಲ್ಟ್ ಇರುತ್ತದೆ, ಅದರಿಂದ ಶಾಕ್ ಹೊಡೆಯುವುದಿಲ್ಲ. ಡಬ್ಬಿಯ ಒಳಗಿನ ಮಾತು ಬೇರೆ. ಅಲ್ಲಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್, ಕೆಲವು ವಿನ್ಯಾಸಗಳಲ್ಲಿ 380ರಿಂದ 400 ವೋಲ್ಟ್ ನೇರ ವಿದ್ಯುತ್ ಶೇಖರವಾಗಿರುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು, ಒಳಗೆ ದೋಷವಿದ್ದರೆ ಬಹಳ ಹೊತ್ತು, ಅದು ಉಳಿದಿರಬಹುದು. ಆದ್ದರಿಂದ ಈ ಪುಟದಲ್ಲಿ ಹೇಳಿದ ಯಾವ ಪರೀಕ್ಷೆಗೂ ಡಬ್ಬಿಯನ್ನು ಬಿಚ್ಚಬೇಡಿ.

ಮೀಟರನ್ನು 20 ವೋಲ್ಟ್ ಡಿಸಿ ಸ್ಥಾನದಲ್ಲಿಡಿ. 24 ಪಿನ್ನಿನ ಕನೆಕ್ಟರ್ ಮದರ್‌ಬೋರ್ಡಿನಲ್ಲಿ ಕೂತಿರುವಂತೆಯೇ, ಕಪ್ಪು ತಂತಿ ಒಳಹೋಗುವ ತೂತಿಗೆ ಹಿಂಬದಿಯಿಂದ ಮೀಟರಿನ ಕಪ್ಪು ಮೊನೆಯನ್ನೂ, ನೇರಳೆ ತಂತಿಯ ತೂತಿಗೆ ಕೆಂಪು ಮೊನೆಯನ್ನೂ ತಾಗಿಸಿ. ಮೊನೆ ಜಾರಿ ಪಕ್ಕದ ಪಿನ್ನಿಗೆ ತಾಗದಂತೆ ನೋಡಿಕೊಳ್ಳಿ. 4.75ರಿಂದ 5.25 ವೋಲ್ಟಿನ ನಡುವೆ ಬಂದರೆ ಸರಿ. ಕನೆಕ್ಟರ್ ಕಳಚಿ ಅಳೆದರೆ ಹೊರೆ ಇಲ್ಲದ ಕಾರಣ ಮುಪ್ಪಾದ ಎಸ್‌ಎಂಪಿಎಸ್ ಕೂಡ ಸರಿಯಾಗಿ 5 ವೋಲ್ಟ್ ತೋರಿಸಿ ನಿಮ್ಮನ್ನು ದಾರಿ ತಪ್ಪಿಸಬಹುದು. ಜೋಡಿಸಿದ ಸ್ಥಿತಿಯಲ್ಲಿ, ಬಟನ್ ಒತ್ತುವ ಕ್ಷಣದಲ್ಲಿಯೂ ಅಳೆದಾಗಲೇ ನಿಜ ತಿಳಿಯುತ್ತದೆ. ಒತ್ತಿದ ಕೂಡಲೇ 5ರಿಂದ 4ಕ್ಕೆ ಕುಸಿದರೆ ಸ್ಟ್ಯಾಂಡ್‌ಬೈ ಸೋತಿದೆ ಎಂದು ತಿಳಿಯಿರಿ. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುವುದುಂಟು. ಆಗ ಬಣ್ಣದ ಬದಲು ಪಿನ್ನಿನ ಸಂಖ್ಯೆಯನ್ನು ಕೈಪಿಡಿಯ ಚಿತ್ರದಲ್ಲಿ ಹುಡುಕಿ: ಬೂದು 8, ನೇರಳೆ 9, ಹಸಿರು 16.

ನೇರಳೆಯಲ್ಲಿ ಸರಿಯಾಗಿ 5 ವೋಲ್ಟ್ ಇದೆ, ಆದರೂ ಆನ್ ಆಗುತ್ತಿಲ್ಲ. ಮುಂದೇನು?

ಹಸಿರು ತಂತಿಯನ್ನು ಅಳೆಯಿರಿ. ಆಫ್ ಸ್ಥಿತಿಯಲ್ಲಿ ಅಲ್ಲಿ ಸಾಮಾನ್ಯವಾಗಿ 3ರಿಂದ 5 ವೋಲ್ಟ್ ಇರುತ್ತದೆ. ಬಟನ್ ಒತ್ತಿದಾಗ ಅದು ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಇಳಿದರೂ ಎಸ್‌ಎಂಪಿಎಸ್ ಏಳದಿದ್ದರೆ ಎಸ್‌ಎಂಪಿಎಸ್ಸಿನ ಮೇಲೆ ಸಂಶಯ ಬಲವಾಗುತ್ತದೆ, ಎಲ್ಲೋ ಶಾರ್ಟ್ ಇರುವ ಸಾಧ್ಯತೆಯನ್ನು ಮಾತ್ರ ಇನ್ನೂ ಪರೀಕ್ಷಿಸಬೇಕು. ಇಳಿಯದೇ ಇದ್ದರೆ ಆ ಆಜ್ಞೆಯೇ ಬಂದಿಲ್ಲ, ತೊಂದರೆ ಬಟನ್ನಿನಲ್ಲಿದೆ ಇಲ್ಲವೇ ಬೋರ್ಡಿನಲ್ಲಿದೆ. ಮುಂಭಾಗದ ಬಟನ್ನಿನ ತಂತಿಯನ್ನು ಬೋರ್ಡಿನಿಂದ ಕಿತ್ತು, ಅದು ಕೂತಿದ್ದ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿ ನೋಡಿ. ಕಂಪ್ಯೂಟರ್ ಎದ್ದರೆ ಕೆಟ್ಟಿದ್ದು ಕೆಲವೇ ರೂಪಾಯಿಯ ಬಟನ್; ರೀಸೆಟ್ ಬಟನ್ನಿನ ತಂತಿಯನ್ನು ಅದರ ಜಾಗಕ್ಕೆ ಹಾಕಿಕೊಂಡು ವರ್ಷಗಟ್ಟಲೆ ಬಳಸಬಹುದು.

ಎಸ್‌ಎಂಪಿಎಸ್ಸನ್ನು ಒಂಟಿಯಾಗಿ ಪರೀಕ್ಷಿಸಬೇಕಾದರೆ ಪ್ಲಗ್ ಕಿತ್ತು, ಎಲ್ಲ ಕನೆಕ್ಟರುಗಳನ್ನೂ ಬಿಡಿಸಿ, 24 ಪಿನ್ನಿನದರಲ್ಲಿ ಹಸಿರನ್ನು ಯಾವುದಾದರೂ ಕಪ್ಪಿಗೆ ಸಣ್ಣ ತಂತಿಯಿಂದ ಸೇರಿಸಿ, ಆಮೇಲೆ ಪ್ಲಗ್ ಹಾಕಬೇಕು. ಹಳೆಯ ಹಾರ್ಡ್‌ಡಿಸ್ಕೋ ಕ್ಯಾಬಿನೆಟ್ ಫ್ಯಾನೋ ಹೊರೆಯಾಗಿ ಜೋಡಿಸಿರಲಿ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.46 ವೋಲ್ಟ್ ಬರಬೇಕು, ಬೂದಿನಲ್ಲಿ ಸುಮಾರು 5. ಫ್ಯಾನ್ ತಿರುಗಿತು ಎಂದ ಮಾತ್ರಕ್ಕೆ ಎಸ್‌ಎಂಪಿಎಸ್ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಪೂರ್ತಿ ಹೊರೆಯನ್ನು ಅದು ಹೊರಬಲ್ಲದೇ ಎಂಬುದು ಈ ಪರೀಕ್ಷೆಗೆ ನಿಲುಕುವುದಿಲ್ಲ. ಅದೇ ರೀತಿ, ಹೊರೆ ಕಡಿಮೆಯಿದ್ದಾಗ ಫ್ಯಾನ್ ನಿಲ್ಲಿಸಿಯೇ ಇಡುವ ಮಾದರಿಗಳೂ ಇವೆ, ಆದ್ದರಿಂದ ಫ್ಯಾನ್ ತಿರುಗದಿರುವುದೂ ಸಾಕ್ಷಿಯಲ್ಲ.

ಫ್ಯಾನುಗಳೆಲ್ಲ ತಿರುಗುತ್ತವೆ, ಪರದೆ ಮಾತ್ರ ಕಪ್ಪಾಗಿರುತ್ತದೆ ಎಂಬ ದೂರಿನಲ್ಲಿ ಬೂದು ತಂತಿಯನ್ನು ಮರೆಯಬೇಡಿ. ಅಲ್ಲಿ 5 ವೋಲ್ಟ್ ಬಾರದಿದ್ದರೆ ಬೋರ್ಡು ಪ್ರೊಸೆಸರನ್ನು ರೀಸೆಟ್ ಸ್ಥಿತಿಯಲ್ಲೇ ಹಿಡಿದಿಟ್ಟಿರುತ್ತದೆ, ಎಷ್ಟು ರ‍್ಯಾಮ್ ಬದಲಿಸಿದರೂ ಚಿತ್ರ ಮೂಡುವುದಿಲ್ಲ.

ಪ್ಲಗ್ ಹಾಕಿದೊಡನೆ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ, ಬೋರ್ಡಿನ ದೀಪ ಮಿನುಗುತ್ತದೆ.

ಸ್ಟ್ಯಾಂಡ್‌ಬೈ ಏಳಲು ಯತ್ನಿಸಿ, ಹೊರೆ ಮಿತಿ ಮೀರಿದೆಯೆಂದು ಕಂಡು ನಿಂತು, ಮತ್ತೆ ಯತ್ನಿಸುತ್ತಿರುವಾಗ ಹೀಗಾಗುತ್ತದೆ. ಪ್ಲಗ್ ಕಿತ್ತು 24 ಪಿನ್ನನ್ನು ಬಿಡಿಸಿ, ಎಸ್‌ಎಂಪಿಎಸ್ಸಿಗೆ ಮಾತ್ರ ವಿದ್ಯುತ್ ಕೊಡಿ. ಸದ್ದು ಮುಂದುವರಿದರೆ ದೋಷ ಅದರೊಳಗಿದೆ. ನಿಂತರೆ ಬೋರ್ಡಿನ ಕಡೆ ಶಾರ್ಟ್ ಇದೆ. ಆಗ ಮೊದಲು ಯುಎಸ್‌ಬಿ ಸಾಧನಗಳನ್ನೆಲ್ಲ ಕಿತ್ತು, ಮುಂಭಾಗದ ಯುಎಸ್‌ಬಿ ಪೋರ್ಟುಗಳಲ್ಲಿ ಬಾಗಿದ ಪಿನ್ ಒಂದನ್ನೊಂದು ತಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಬೋರ್ಡಿನ ಅಡಿಯಲ್ಲಿ ಬಿದ್ದ ಒಂದು ಸ್ಕ್ರೂ ಕೂಡ ಇದನ್ನೇ ಮಾಡುತ್ತದೆ.

ಬೆಳಿಗ್ಗೆ ಹತ್ತು ಸಲ ಒತ್ತಿದ ಮೇಲೆ ಆನ್ ಆಗುತ್ತದೆ, ಒಮ್ಮೆ ಆನ್ ಆದರೆ ದಿನವಿಡೀ ಸರಿಯಾಗಿ ನಡೆಯುತ್ತದೆ. ಹೀಗೇ ಬಳಸಬಹುದೇ?

ಬಳಸಬಾರದು. ಈ ಉತ್ತರವನ್ನು ದಯವಿಟ್ಟು ಗಂಭೀರವಾಗಿ ಓದಿ.

ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನೊಳಗೆ ದ್ರವವಿರುತ್ತದೆ. ಶಾಖದಲ್ಲಿ ವರ್ಷಗಟ್ಟಲೆ ಕೂತರೆ ಅದು ನಿಧಾನವಾಗಿ ಆರುತ್ತದೆ, ಕೆಪಾಸಿಟರಿನ ಒಳಪ್ರತಿರೋಧ ಏರುತ್ತದೆ. ಸ್ಟ್ಯಾಂಡ್‌ಬೈ ಮಂಡಲವು ಕಂಪ್ಯೂಟರ್ ಆಫ್ ಇದ್ದಾಗಲೂ ದುಡಿಯುತ್ತದೆ; ಆಗ ಎಸ್‌ಎಂಪಿಎಸ್ಸಿನ ಫ್ಯಾನ್ ನಿಂತಿರುವುದರಿಂದ ಅಲ್ಲಿನ ಶಾಖವನ್ನು ಹೊರಹಾಕುವವರೂ ಇರುವುದಿಲ್ಲ. ಹೀಗಾಗಿ ಇಡೀ ಡಬ್ಬಿಯಲ್ಲಿ ಮೊದಲು ಮುಪ್ಪಾಗುವುದು ಹೆಚ್ಚಾಗಿ ಇದೇ ಭಾಗ. ಆರಿದ ಕೆಪಾಸಿಟರ್ ತಣ್ಣಗಿದ್ದಾಗ ಇನ್ನೂ ಕೆಟ್ಟದಾಗಿ ವರ್ತಿಸುತ್ತದೆ, ಸ್ವಲ್ಪ ಬೆಚ್ಚಗಾದ ಮೇಲೆ ಸುಧಾರಿಸಿದಂತೆ ಕಾಣುತ್ತದೆ. ಪ್ಲಗ್ ಹಾಕಿ ಹತ್ತು ನಿಮಿಷ ಬಿಟ್ಟರೆ ಆನ್ ಆಗುತ್ತದೆ, ಡಿಸೆಂಬರಿನ ಚಳಿಯಲ್ಲಿ ಹೆಚ್ಚು ಸತಾಯಿಸುತ್ತದೆ ಎಂಬ ದೂರುಗಳ ಹಿಂದಿನ ಕಾರಣ ಇದೇ. ಸುಮಾರು 1999ರಿಂದ 2007ರವರೆಗೆ ಕಳಪೆ ಕೆಪಾಸಿಟರುಗಳು ಜಗತ್ತಿನಾದ್ಯಂತ ಹರಡಿ ಲೆಕ್ಕವಿಲ್ಲದಷ್ಟು ಬೋರ್ಡುಗಳನ್ನೂ ಎಸ್‌ಎಂಪಿಎಸ್‌ಗಳನ್ನೂ ಕೆಡಿಸಿದವು; ಆ ಕಾಲದ ಯಂತ್ರ ಇನ್ನೂ ಬಳಕೆಯಲ್ಲಿದ್ದರೆ ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದೂ ನೋಡಿ.

ಗಂಭೀರವಾಗಿ ಓದಿ ಎಂದಿದ್ದು ಇದಕ್ಕಾಗಿ: ಅಗ್ಗದ ಹಳೆಯ ವಿನ್ಯಾಸಗಳಲ್ಲಿ ಸ್ಟ್ಯಾಂಡ್‌ಬೈಯನ್ನು ನಿಯಂತ್ರಿಸುವುದೂ ಅಂಥದೇ ಒಂದು ಚಿಕ್ಕ ಕೆಪಾಸಿಟರು. ಅದು ಆರಿದಾಗ ವೋಲ್ಟೇಜ್ ಇಳಿಯುವ ಬದಲು ಏರಿಬಿಡಬಹುದು. 5 ಇರಬೇಕಾದಲ್ಲಿ 8, 10 ವೋಲ್ಟ್ ಹರಿದರೆ ಎಸ್‌ಎಂಪಿಎಸ್ ಜೊತೆಗೆ ಮದರ್‌ಬೋರ್ಡೂ ಸುಟ್ಟುಹೋಗುತ್ತದೆ. ಮಗನ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಮುಂದೂಡಿ ಇಡೀ ಯಂತ್ರವನ್ನೇ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ನೇರಳೆಯಲ್ಲಿ 5.25ಕ್ಕಿಂತ ಹೆಚ್ಚು ಕಂಡರೆ ಕೂಡಲೇ ಪ್ಲಗ್ ಕೀಳಿ.

ಸ್ಲೀಪಿಗೆ ಹಾಕಿದರೆ ಮತ್ತೆ ಎಚ್ಚರವಾಗುವುದಿಲ್ಲ, ಅಥವಾ ಮಧ್ಯರಾತ್ರಿ ತಾನಾಗಿಯೇ ಆನ್ ಆಗುತ್ತದೆ.

ಇವೆರಡು ಬೇರೆ ಬೇರೆ ತೊಂದರೆಗಳು. ಸ್ಲೀಪ್ ಸ್ಥಿತಿಯಲ್ಲಿ ದೊಡ್ಡ ಸರಬರಾಜು ನಿಂತು, ರ‍್ಯಾಮಿನಲ್ಲಿರುವುದನ್ನು ಕಾಯುವ ಹೊಣೆಯೂ ಸ್ಟ್ಯಾಂಡ್‌ಬೈ ಮೇಲೆ ಬೀಳುತ್ತದೆ. ಅದು ದುರ್ಬಲವಾಗಿದ್ದರೆ ರ‍್ಯಾಮಿನ ನೆನಪು ಅಳಿದು, ಎಚ್ಚರವಾಗುವ ಬದಲು ಹೊಸದಾಗಿ ಬೂಟ್ ಆಗುತ್ತದೆ ಅಥವಾ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಸ್ಲೀಪಿನಲ್ಲಿದ್ದಾಗ ನೇರಳೆಯನ್ನು ಅಳೆಯಿರಿ. ಆಫ್ ಇದ್ದಾಗ 5.0 ಇದ್ದದ್ದು ಈಗ 4.6ಕ್ಕೆ ಇಳಿದಿದ್ದರೆ ಕಾರಣ ಸಿಕ್ಕಿತು. ಯುಎಸ್‌ಬಿಯಲ್ಲಿ ಫೋನ್ ಚಾರ್ಜಿಗೆ ಹಾಕುವ ಅಭ್ಯಾಸವಿದ್ದರೆ ಅದನ್ನು ಕಿತ್ತು ಮತ್ತೆ ನೋಡಿ. ವೋಲ್ಟೇಜ್ ಸರಿಯಿದ್ದರೆ ಗ್ರಾಫಿಕ್ಸ್ ಡ್ರೈವರ್ ಮತ್ತು ಬಯೋಸ್ (ಮದರ್‌ಬೋರ್ಡಿನಲ್ಲೇ ಇರುವ ಆರಂಭದ ತಂತ್ರಾಂಶ) ಕಡೆಗೆ ಗಮನ ಹರಿಸಬೇಕು.

ತಾನಾಗಿ ಆನ್ ಆಗುವುದಕ್ಕೆ ಎಸ್‌ಎಂಪಿಎಸ್ ಕಾರಣವಾಗಿರುವುದು ಕಡಿಮೆ. ನೆಟ್‌ವರ್ಕ್ ಕಾರ್ಡಿಗೂ ಮೌಸಿಗೂ ಕಂಪ್ಯೂಟರನ್ನು ಎಬ್ಬಿಸುವ ಅನುಮತಿ ಇರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆಯಾ ಸಾಧನದ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಆ ಗುರುತನ್ನು ತೆಗೆಯಬಹುದು. ಕರೆಂಟ್ ಬಂದ ಕೂಡಲೇ ಆನ್ ಆಗುತ್ತಿದ್ದರೆ ಬಯೋಸಿನಲ್ಲಿ ವಿದ್ಯುತ್ ಮರಳಿದಾಗ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ, ಅದನ್ನು ಆಫ್ ಸ್ಥಿತಿಗೆ ಬದಲಿಸಿ. 2012ರ ವಿಂಡೋಸ್ 8ರಿಂದ ಈಚೆಗೆ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವು ಶಟ್‌ಡೌನ್ ಕೊಟ್ಟಾಗಲೂ ವ್ಯವಸ್ಥೆಯ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಡುತ್ತದೆ. ವಿಚಿತ್ರ ವರ್ತನೆಗಳನ್ನು ಪರೀಕ್ಷಿಸುವಾಗ ಅದನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ನೀವು ಪ್ರತಿ ಸಲ ನೋಡುತ್ತಿರುವುದು ನಿಜವಾದ ಹೊಸ ಆರಂಭವಲ್ಲ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಎಸ್‌ಎಂಪಿಎಸ್ ಬದಲಿಸಬೇಕೇ?

ನಮ್ಮ ಕಡೆ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು, ಮತ್ತು ಉತ್ತರ ಬಹುಪಾಲು ಎಸ್‌ಎಂಪಿಎಸ್ಸಿನಲ್ಲಿ ಇರುವುದಿಲ್ಲ. ವಿದ್ಯುತ್ ಗದ್ದಲವನ್ನು ಸೋಸುವುದಕ್ಕಾಗಿ ಎಸ್‌ಎಂಪಿಎಸ್ಸಿನ ಒಳಗೆ ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಲೋಹದ ಮೈಗೆ ಎರಡು ಚಿಕ್ಕ ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ಅರ್ಥಿಂಗ್ ಸರಿಯಾಗಿದ್ದರೆ ಅವುಗಳ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತು ನೆಲಕ್ಕಿಳಿದು ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಆ ಎರಡು ಕೆಪಾಸಿಟರುಗಳ ನಡುವೆ ಸಿಕ್ಕಿದ ಕ್ಯಾಬಿನೆಟ್ಟಿನ ಮೈ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಟೆಸ್ಟರ್ ಹಚ್ಚಿದರೆ ಉರಿಯುವುದೂ, ಬರಿಗಾಲಲ್ಲಿ ಮುಟ್ಟಿದರೆ ಜುಮ್ ಎನ್ನುವುದೂ ಇದರಿಂದಲೇ. ಎಸ್‌ಎಂಪಿಎಸ್ ಬದಲಿಸಿದರೆ ಹೊಸದೂ ಇದನ್ನೇ ಮಾಡುತ್ತದೆ.

ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಅರ್ಥಿಂಗಿನದು. ಅದನ್ನು ಮುರಿದು ಹಾಕಿದ್ದರೆ, ಎರಡು ಪಿನ್ನಿನ ಅಡಾಪ್ಟರ್ ಬಳಸುತ್ತಿದ್ದರೆ, ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಎರಡೇ ತಂತಿ ಎಳೆದಿದ್ದರೆ ಮೊದಲು ಅದನ್ನು ಸರಿಪಡಿಸಿ. ಆಮೇಲೂ ಜುಮ್ ಎಂದರೆ ಮನೆಯ ಅರ್ಥಿಂಗನ್ನೇ ಎಲೆಕ್ಟ್ರಿಷಿಯನ್ನಿಂದ ಪರೀಕ್ಷಿಸಿ. ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟ್ ತೋರಿತೆಂದು ಅವರು ಅಷ್ಟಕ್ಕೇ ಬಿಟ್ಟರೆ ಸಾಲದು; ಮೀಟರು ಬಹಳ ಕಡಿಮೆ ವಿದ್ಯುತ್ ಎಳೆಯುವುದರಿಂದ ಅರೆಬರೆ ಅರ್ಥಿಂಗಿನಲ್ಲೂ ಅದು ಸರಿಯಾದ ಸಂಖ್ಯೆಯನ್ನೇ ತೋರಿಸಬಹುದು. ನೆಲದ ಗುಂಡಿ ಒಣಗಿದೆಯೇ, ತಂತಿ ತುಕ್ಕು ಹಿಡಿದು ಕಡಿದಿದೆಯೇ ಎಂದು ನೋಡಬೇಕು. ಅರ್ಥಿಂಗಿಗೆ ಬದಲಾಗಿ ನ್ಯೂಟ್ರಲಿಗೆ ತಂತಿ ಸೇರಿಸುವ ಉಪಾಯವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕ್ಯಾಬಿನೆಟ್ಟಿನ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ, ಅದು ಜುಮ್ ಎಂದು ಬಿಡುವ ಶಾಕ್ ಅಲ್ಲ, ಜೀವ ತೆಗೆಯುವಂಥದು.

ಯುಪಿಎಸ್ ಇದ್ದರೂ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ ಏಕೆ?

ಗೋಡೆಯ ವಿದ್ಯುತ್ತು ನಿಂತ ಮೇಲೂ ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರಿನ ಸಂಗ್ರಹದಿಂದ ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ಕಾಲ ತಾಳಿಕೊಳ್ಳಬೇಕು. ಮನೆಬಳಕೆಯ ಯುಪಿಎಸ್ ಬ್ಯಾಟರಿಗೆ ಬದಲಾಗಲು ಸಾಮಾನ್ಯವಾಗಿ 10 ಮಿಲಿಸೆಕೆಂಡಿನೊಳಗೆ ಸಾಕು. ಕೆಪಾಸಿಟರ್ ಮುಪ್ಪಾದಾಗ ಈ ತಾಳಿಕೆ ಕುಗ್ಗಿ, ಯುಪಿಎಸ್ ಹೊಸದಾಗಿದ್ದರೂ ಕಂಪ್ಯೂಟರ್ ಬಿದ್ದುಹೋಗುತ್ತದೆ. ಬೇರೊಂದು ಎಸ್‌ಎಂಪಿಎಸ್ ಜೋಡಿಸಿ ನೋಡಿದರೆ ಯಾವುದು ಸೋತಿದೆ ಎಂದು ತಿಳಿಯುತ್ತದೆ. ಮನೆಯ ಇನ್ವರ್ಟರಿನ ಮೇಲೆ ಕಂಪ್ಯೂಟರ್ ನಡೆಸುವವರು ಅದರ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯೇ ಎಂದು ನೋಡಬೇಕು. ಇನ್ನೊಂದು ಮೋಡಿನಲ್ಲಿ ಬದಲಾವಣೆ ನಿಧಾನ. ಅಗ್ಗದ ಯುಪಿಎಸ್‌ಗಳ ಮೆಟ್ಟಿಲು ಆಕಾರದ ಅಲೆಯನ್ನು ಒಪ್ಪದ ಕೆಲವು ಎಸ್‌ಎಂಪಿಎಸ್‌ಗಳೂ ಇವೆ, ಅವಕ್ಕೆ ಸೈನ್ ವೇವ್ ಯುಪಿಎಸ್ ಬೇಕು.

ವಿಂಡೋಸಿನ ಇವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಕಂಡು ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಹಲವರು ನಿರ್ಧರಿಸುತ್ತಾರೆ. ಹಿಂದಿನ ಸಲ ಕ್ರಮವಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ, ಕಾರಣ ಅದರಲ್ಲಿಲ್ಲ.

ಪಂಪ್‌ಸೆಟ್ ನಡೆಯುವ ಹೊತ್ತಿನಲ್ಲಿ ಹಳ್ಳಿಗಳಲ್ಲಿ ವೋಲ್ಟೇಜ್ 150ಕ್ಕೆ ಇಳಿಯುವುದು ಹೊಸತೇನಲ್ಲ. 100ರಿಂದ 240 ಎಂದು ಬರೆದಿರುವ ಎಸ್‌ಎಂಪಿಎಸ್ ಇದನ್ನು ಸ್ಟೆಬಿಲೈಸರ್ ಇಲ್ಲದೆಯೇ ಸಹಿಸುತ್ತದೆ. ಆದರೆ 250 ವ್ಯಾಟ್ ಹೊರೆಗೆ 230ರಲ್ಲಿ 1.1 ಆಂಪಿಯರ್ ಸಾಕಾದರೆ 150ರಲ್ಲಿ 1.7 ಬೇಕು, ಒಳಭಾಗ ಅಷ್ಟು ಹೆಚ್ಚು ಬಿಸಿಯಾಗುತ್ತದೆ.

ರಾತ್ರಿ ಗೋಡೆಯ ಸ್ವಿಚ್ ಆರಿಸಬೇಕೇ? ಬಿಲ್ ಎಷ್ಟು ಉಳಿಯುತ್ತದೆ?

ಆಫ್ ಸ್ಥಿತಿಯಲ್ಲಿ 3 ವ್ಯಾಟ್ ಎಳೆಯುವ ಕಂಪ್ಯೂಟರ್ ವರ್ಷವಿಡೀ ಹಾಗೆಯೇ ಇದ್ದರೆ ಸುಮಾರು 26 ಯೂನಿಟ್ ಆಗುತ್ತದೆ. ಯುರೋಪಿನ ನಿಯಮ 2013ರಿಂದ ಇದನ್ನು ಅರ್ಧ ವ್ಯಾಟಿಗೆ ಮಿತಿಗೊಳಿಸಿದ ಕಾರಣ ಈಚಿನ ಬೋರ್ಡುಗಳ ಬಯೋಸಿನಲ್ಲಿ ಇಆರ್‌ಪಿ ಎಂಬ ಆಯ್ಕೆ ಬಂದಿದೆ. ಅದನ್ನು ಆನ್ ಮಾಡಿದರೆ ಮೌಸಿನ ದೀಪವೂ ಆರುತ್ತದೆ, ಕೀಬೋರ್ಡಿನಿಂದ ಅಥವಾ ನೆಟ್‌ವರ್ಕಿನಿಂದ ಎಬ್ಬಿಸುವ ಸೌಲಭ್ಯವೂ ಹೋಗುತ್ತದೆ.

ಸ್ವಿಚ್ ಆರಿಸುವುದರಿಂದ ಸ್ಟ್ಯಾಂಡ್‌ಬೈ ಕೆಪಾಸಿಟರುಗಳಿಗೆ ವಿಶ್ರಾಂತಿ ಸಿಗುತ್ತದೆ ಎಂಬುದು ನನಗೆ ಬಿಲ್ಲಿಗಿಂತ ಮುಖ್ಯವಾಗಿ ಕಾಣುತ್ತದೆ. ಒಂದು ಪರಿಣಾಮ ಮಾತ್ರ ಗಮನದಲ್ಲಿರಲಿ: ಸ್ಟ್ಯಾಂಡ್‌ಬೈ ಇರುವಷ್ಟು ಹೊತ್ತು ಬೋರ್ಡಿನ ಗಡಿಯಾರ ಅದರಿಂದಲೇ ನಡೆಯುತ್ತದೆ, ಸ್ವಿಚ್ ಆರಿಸಿದಾಗ ಮಾತ್ರ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಂಥ ಸೆಲ್ ಖರ್ಚಾಗುತ್ತದೆ. ಪ್ರತಿ ಬೆಳಿಗ್ಗೆ ತಾರೀಖು ತಪ್ಪುತ್ತಿದ್ದರೆ ಆ ಸೆಲ್ಲನ್ನು ಬದಲಿಸಿ.

ಸಿಡಿಲಿನ ಕಾಲದಲ್ಲಿ, ಮುಖ್ಯವಾಗಿ ಮಲೆನಾಡು ಮತ್ತು ಕರಾವಳಿಯಲ್ಲಿ, ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿನ ವೋಲ್ಟೇಜ್ ಸ್ವಿಚ್ಚಿನ ಸಣ್ಣ ಅಂತರವನ್ನು ಹಾರಿ ಬರುತ್ತದೆ. ಪ್ಲಗ್ಗನ್ನೂ, ಮೋಡೆಮಿನಿಂದ ಬರುವ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ.

ಕೆಟ್ಟ ಎಸ್‌ಎಂಪಿಎಸ್ ದುರಸ್ತಿ ಮಾಡಿಸುವುದೋ, ಹೊಸದು ತರುವುದೋ?

ಸ್ಟ್ಯಾಂಡ್‌ಬೈ ಕೆಪಾಸಿಟರ್ ಬದಲಿಸುವುದು ಬಲ್ಲವರಿಗೆ ಅರ್ಧ ಗಂಟೆಯ ಕೆಲಸ, ಒಳ್ಳೆಯ ಗುಣಮಟ್ಟದ ಎಸ್‌ಎಂಪಿಎಸ್ ಆಗಿದ್ದರೆ ಮಾಡಿಸಬಹುದು. ಕ್ಯಾಬಿನೆಟ್ಟಿನೊಂದಿಗೆ ಉಚಿತವಾಗಿ ಬಂದ ಹಗುರ ಎಸ್‌ಎಂಪಿಎಸ್ಸಿಗೆ ಹಣ ಹಾಕುವುದು ನನ್ನ ಅಭಿಪ್ರಾಯದಲ್ಲಿ ವ್ಯರ್ಥ. ಅದರ ಮೇಲೆ 450 ಎಂದು ದೊಡ್ಡದಾಗಿ ಬರೆದಿದ್ದರೂ ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆಯೆಂದು ನೋಡಿ 12ರಿಂದ ಗುಣಿಸಿ. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳಿಗೆ ಬೇಕಾದ ಶಕ್ತಿ ಬಹುಪಾಲು ಅಲ್ಲಿಂದಲೇ ಬರುವುದು. 15 ಆಂಪಿಯರ್ ಎಂದಿದ್ದರೆ ಆ ಸಾಲಿನಲ್ಲಿ ನಿಮಗೆ ಸಿಗುವುದು 180 ವ್ಯಾಟ್ ಮಾತ್ರ.

ಬದಲಿಸುವಾಗ ಹಳೆಯದರ ಕಳಚುವ ಕೇಬಲುಗಳನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಮದರ್‌ಬೋರ್ಡಿನ ತುದಿಯ ಪಿನ್ನುಗಳಿಗೆ ಮಾನದಂಡವಿದೆ, ಎಸ್‌ಎಂಪಿಎಸ್ ತುದಿಯ ಪಿನ್ನುಗಳಿಗೆ ಇಲ್ಲ. ಆಕಾರ ಒಂದೇ ಇದ್ದು ಸುಲಭವಾಗಿ ಕೂತರೂ 5 ವೋಲ್ಟ್ ಇರಬೇಕಾದಲ್ಲಿ 12 ಬಂದು ಹಾರ್ಡ್‌ಡಿಸ್ಕ್ ಅದರಲ್ಲಿರುವ ಫೋಟೋಗಳ ಸಮೇತ ಹೋಗಬಹುದು. ಹೊಸ ಡಬ್ಬಿಯೊಂದಿಗೆ ಬಂದ ಕೇಬಲುಗಳನ್ನೇ ಬಳಸಿ, ಹಳೆಯವನ್ನು ಹಳೆಯ ಎಸ್‌ಎಂಪಿಎಸ್ಸಿಗೇ ಕಟ್ಟಿಡಿ.